ಒಂದೂವರೆ ಲೀಟರಿನ ಮಾವ

ನಮ್ಮ ಮಾವನಿಗೆ ಮನುಷ್ಯರ ಮೇಲೆ ಪೂರ್ತಿ ನಂಬಿಕೆ. ತಕ್ಕಡಿಯ ಮೇಲೆ ಮಾತ್ರ ಇಲ್ಲ. ಉಳಿದವರೆಲ್ಲ ಇದಕ್ಕೆ ತದ್ವಿರುದ್ಧ. ಅಂಗಡಿಯವನ ಮುಖ ನೋಡಿ ಅನುಮಾನಪಡುತ್ತಾರೆ, ಅವನ ತಕ್ಕಡಿಯ ಮುಳ್ಳು ನೋಡಿ ಸಮಾಧಾನಪಡುತ್ತಾರೆ. ಮಾವ ಅಂಗಡಿಯವನ ಮಗಳ ಮದುವೆಗೆ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಿದ್ದ, ಮರುವಾರ ಅವನ ತಕ್ಕಡಿಯನ್ನು ಜಪ್ತಿ ಮಾಡುತ್ತಿದ್ದ. ಕೇಳಿದರೆ, "ಅವ ಒಳ್ಳೆಯವ. ಅವನ ತಕ್ಕಡಿ ಕಳ್ಳ" ಎನ್ನುತ್ತಿದ್ದ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮಾವ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ. ಕುಮಟಾ, ಹೊನ್ನಾವರ, ಭಟ್ಕಳದ ಪೇಟೆಗಳಲ್ಲಿ ಅವನು ಎತ್ತಿ ನೋಡದ ತೂಕದ ಕಲ್ಲಿಲ್ಲ, ನೀರು ತುಂಬಿಸಿ ನೋಡದ ಎಣ್ಣೆಯ ಮಾಪಿಲ್ಲ. ಪರೀಕ್ಷೆ ಮುಗಿದ ಮೇಲೆ ವಹಿಯಲ್ಲಿ ಹಸಿರು ಶಾಯಿಯಿಂದ "ಪರೀಕ್ಷಿಸಿದೆ. ಸರಿ ಇದೆ" ಎಂದು ಬರೆದು ಸಹಿ ಹಾಕುತ್ತಿದ್ದ. ನಿವೃತ್ತನಾಗುವಾಗ ಇಲಾಖೆಯ ಎಲ್ಲವನ್ನೂ ಒಪ್ಪಿಸಿ ಬಂದ. ಹಸಿರು ಪೆನ್ನು ಸ್ವಂತದ್ದು, ಅದು ಮಾತ್ರ ಅವನ ಜೊತೆ ಮನೆಗೆ ಬಂತು. ಆಮೇಲೆ ಮನೆಯಲ್ಲಿ ಹಾಲಿನವನ ಚೀಟಿಗೆ, ಗ್ಯಾಸಿನ ರಸೀದಿಗೆ, ಒಮ್ಮೆ ಅತ್ತೆ ಬರೆದ ಸಾಮಾನಿನ ಪಟ್ಟಿಗೂ ಹಸಿರು ಸಹಿ ಬಿದ್ದಿತು.

ಭಟ್ಕಳದ ಹೂವಿನವಳ ಕಥೆ ನಮ್ಮ ಮನೆಯಲ್ಲಿ ಪ್ರಸಿದ್ಧ. ಮಾವ ಪೇಟೆಯ ತಪಾಸಣೆಗೆ ಹೋದಾಗ ಮಲ್ಲಿಗೆ ಮಾರುವವಳೊಬ್ಬಳು ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆ ಅಳೆದು ಕೊಡುತ್ತಿದ್ದಳಂತೆ.

"ಇದು ಎಷ್ಟು?"

"ಒಂದು ಮೊಳ, ಸಾಹೇಬ್ರೆ."

"ಯಾರ ಮೊಳ?"

"ನಂದೇ. ಬೇರೆಯವ್ರ ಕೈ ತಕಂಡು ಬರೂಕೆ ಆತದಾ?"

"ನಿನ್ನ ಕೈ ಗಿಡ್ಡ ಇದೆ."

"ಮಾಡ್ದವನಿಗೆ ನೋಟೀಸ್ ಕೊಡಿ. ನಂಗೆಂತಕ್ಕೆ ಕೊಡ್ತ್ರಿ?"

ಮಾವ ಅಲ್ಲಿಂದ ಒಂದು ಮೊಳ ಕೊಂಡು ತಂದು ಮನೆಯಲ್ಲಿ ಟೇಪು ಹಿಡಿದು ಅಳೆದನಂತೆ. ಹದಿನೆಂಟು ಇರಬೇಕಾದದ್ದು ಹದಿನಾಲ್ಕೇ ಇಂಚು. ಅತ್ತೆ ಅದನ್ನು ಮುಡಿದುಕೊಂಡು, ಮಾವನ ಬೋಳುತಲೆ ನೋಡಿ, "ಉಳಿದ ನಾಲ್ಕು ಇಂಚು ನಿಮ್ಮ ತಲೆಗೆ ಬೇಕಿತ್ತಾ?" ಎಂದಳಂತೆ. ಇದು ಅತ್ತೆ ಹೇಳುವ ಕಥೆ. ಮಾವ ಹೇಳುವಾಗ ಹನ್ನೆರಡು ಇಂಚು. ನನ್ನ ಡೈರಿಯಲ್ಲಿ ಹದಿನಾಲ್ಕು ಎಂದೇ ಇದೆ, ಆದರೆ ಅದನ್ನೂ ನಾನು ಅತ್ತೆಯ ಬಾಯಿಂದ ಕೇಳಿಯೇ ಬರೆದದ್ದು.

ನಾನು ಮಾವನ ತಂಗಿಯ ಮಗಳು, ಅವನು ಪ್ರೀತಿಯಿಂದ ನನ್ನನ್ನೂ ತಂಗೀ ಎಂದೇ ಕರೆಯುತ್ತಾನೆ. ಕುಮಟೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಮಾವನ ಮನೆಯ ಮಾಳಿಗೆಯೇ ನನ್ನ ಮನೆ. ಮಾವ, ಅತ್ತೆಗೆ ಮಕ್ಕಳಿಲ್ಲ. ಎಂ.ಎ. ಓದುವಾಗಿನಿಂದ ಡೈರಿ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡವರ ಮಾತನ್ನೂ ಕಾಗದಪತ್ರದ ಜೊತೆ ತಾಳೆ ನೋಡಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುವವಳು ನನ್ನ ನೆನಪನ್ನು ಹೇಗೆ ನಂಬಲಿ? ಮಾವನಿಗೆ ತಕ್ಕಡಿ ಹೇಗೋ ನನಗೆ ನೆನಪು ಹಾಗೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಬಹಳ ಹೊಂದುತ್ತಿತ್ತು.

ಮಾವನಿಗೆ ಎದೆನೋವು ಬಂದದ್ದು ಧಾರೇಶ್ವರದಲ್ಲಿ, ದೇವಸ್ಥಾನದಿಂದ ಹೊರಬಂದು ಕಲ್ಲಂಗಡಿ ತೂಗಿಸುತ್ತಿದ್ದಾಗ. ಬೆವರು ಇಳಿಯುತ್ತಿದೆ, ಎಡಗೈ ಸೆಳೆಯುತ್ತಿದೆ, ಹಣ್ಣಿನವನು ಹೆದರಿ ರಿಕ್ಷಾ ಕೂಗುತ್ತಿದ್ದಾನೆ. ಮಾವ ಮಾತ್ರ ಎದೆ ಹಿಡಿದುಕೊಂಡೇ, "ಮೊದ್ಲು ಕಾಂಟಾ ಸೊನ್ನೆಗೆ ತಾ, ಆಮೇಲೆ ರಿಕ್ಷಾ ಕರಿ" ಎಂದನಂತೆ.

ನಮ್ಮ ಕಡೆ ಹೃದಯ ಕೆಟ್ಟರೆ ಅದಕ್ಕೆ ತಾಳ್ಮೆಯೂ ಇರಬೇಕು. ಹೊನ್ನಾವರ ದಾಟಬೇಕು, ಭಟ್ಕಳ ದಾಟಬೇಕು, ಜಿಲ್ಲೆಯನ್ನೇ ದಾಟಿ ಮಂಗಳೂರು ಮುಟ್ಟಬೇಕು. ಮಾವನ ಹೃದಯ ಮುಟ್ಟಿತು. ಮೂರು ರಕ್ತನಾಳ ಕಟ್ಟಿದ್ದವು. ಬೈಪಾಸ್ ಆಯಿತು. ಎದೆಯ ಎಲುಬು ಸೀಳಿ, ಕಾಲಿನಿಂದ ನಾಳ ತೆಗೆದು ಹೃದಯಕ್ಕೆ ಹೊಲಿದರು. ಪ್ರಜ್ಞೆ ಬಂದು ಬಾಯಿಯ ನಳಿಗೆ ತೆಗೆದ ಮೇಲೆ ಮಾವ ಕೇಳಿದ ಮೊದಲ ಪ್ರಶ್ನೆ, "ಕಾಲಿಂದ ಎಷ್ಟು ಸೆಂಟಿಮೀಟರ್ ತೆಗೆದ್ರು?"

ಆ ನಳಿಗೆಯ ಪಟ್ಟಿ ಅಂಟಿಸುವುದಕ್ಕೆಂದು ಅವನ ಮೀಸೆಯನ್ನು ಬೋಳಿಸಿದ್ದರು. ಮನೆಗೆ ಬಂದ ಮೇಲೆ ಮತ್ತೆ ಬಿಡಲು ಒಂದು ವಾರ ಪ್ರಯತ್ನಪಟ್ಟ. ಎಡಕ್ಕೂ ಬಲಕ್ಕೂ ಸಮ ಬರಲಿಲ್ಲವೆಂದು ಅದನ್ನೂ ತೆಗೆದ. ಅಲ್ಲಿಂದ ಇಲ್ಲಿಯವರೆಗೆ ಮಾವನಿಗೆ ಮೀಸೆಯಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೆ ಬರೆದಿಟ್ಟೆ.

ಬಿಡುಗಡೆಯ ದಿನ ಹೃದಯದ ಡಾಕ್ಟರು ಹೇಳಿದರು, "ನಿಮ್ಮ ಹಾರ್ಟು ನಲವತ್ತು ಪರ್ಸೆಂಟ್ ಪಂಪ್ ಮಾಡ್ತಾ ಉಂಟು."

"ಉಳಿದ ಅರವತ್ತು?" ಎಂದ ಮಾವ.

"ನೂರು ಯಾರಿಗೂ ಇರುದಿಲ್ಲ. ಸರಿ ಇದ್ದವರಿಗೂ ಅರವತ್ತೇ."

ಮಾವ ನನ್ನ ಮುಖ ನೋಡಿದ. ಕಾರಿನಲ್ಲಿ ಕೂತ ಮೇಲೆ ಹೇಳಿದ, "ನೂರು ಗ್ರಾಮಿಗೆ ಎರಡು ಗ್ರಾಮು ಕಮ್ಮಿ ಕೊಟ್ಟವನಿಗೆ ನಾ ದಂಡ ಹಾಕಿದ್ದೆ ತಂಗೀ. ದೇವರು ಅರವತ್ತು ಕೊಟ್ಟು ನೂರು ಅಂತ ಮಾರ್ತಾ ಇದ್ದ."

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಹೃದಯ ಸುಸ್ತಾಗಿದೆ, ಮೈಯಲ್ಲಿ ನೀರು ಸೇರಿದರೆ ಅದು ಎತ್ತಲಾರದು. ಆಪರೇಷನ್ನಿನ ಹೊತ್ತಿಗೆ ಕಿಡ್ನಿಗೂ ಪೆಟ್ಟಾಗಿದೆ. ಆದ್ದರಿಂದ ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್, ಅದಕ್ಕಿಂತ ಹನಿ ಹೆಚ್ಚಾಗಬಾರದು. ನೀರು, ಚಹಾ, ಮಜ್ಜಿಗೆ, ಎಳನೀರು, ಎಲ್ಲ ಲೆಕ್ಕಕ್ಕೆ. ಕುಡಿದದ್ದು ಎಷ್ಟು, ಮೂತ್ರ ಹೋದದ್ದು ಎಷ್ಟು, ದಿನವೂ ಬರೆದಿಡಬೇಕು.

ಇಂಥ ರೋಗಿ ಯಾವ ಡಾಕ್ಟರಿಗೆ ಸಿಕ್ಕಾನು? ಅಳೆಯುವುದೇ ಚಿಕಿತ್ಸೆ ಎಂದ ಕೂಡಲೇ ಮಾವನ ಮುಖಕ್ಕೆ ಕಳೆ ಬಂತು. ಮನೆಯಲ್ಲಿದ್ದ ಅಳತೆಯ ಲೋಟಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ಪರೀಕ್ಷಿಸಿದ. ಒಂದು ಲೋಟ ಹತ್ತು ಎಂ.ಎಲ್. ಹೆಚ್ಚು ತೋರಿಸುತ್ತದೆಂದು ಅದನ್ನು ಹಲ್ಲುಜ್ಜುವ ಬ್ರಶ್ಶು ಇಡಲು ಕಳಿಸಿದ. ನನ್ನ ಡೈರಿಯಲ್ಲೇ ಎರಡು ಸಾಲು ಹಾಕಿದೆವು, ಒಳಗೆ ಹೋದದ್ದು, ಹೊರಗೆ ಬಂದದ್ದು. ನಾನು ಬರೆಯುವುದು, ದಿನದ ಕೊನೆಗೆ ಮಾವ ಹಸಿರಿನಲ್ಲಿ "ಪರೀಕ್ಷಿಸಿದೆ. ಸರಿ ಇದೆ" ಎಂದು ಸಹಿ ಹಾಕುವುದು. ನನ್ನ ಖಾಸಗಿ ಡೈರಿಗೆ ಸರಕಾರದ ಮುದ್ರೆ ಬಿದ್ದಂತಾಯಿತು. ಮಾತ್ರೆ ನುಂಗುವಾಗ ಬಾಯಲ್ಲಿ ಉಳಿದ ನೀರನ್ನು ಉಗುಳಿ ಅದನ್ನೂ ಕಳೆಯಬೇಕೇ ಎಂದು ಒಂದು ದಿನ ಚರ್ಚೆ ಮಾಡಿದ.

"ಉಗುಳೂದನ್ನೂ ಅಳೀತ್ರಾ?" ಎಂದಳು ಅತ್ತೆ. "ನಾ ಅಳೂದನ್ನೂ ಅಳೆದುಬಿಡಿ. ಅದೂ ನೀರೇ."

ತಿಂಗಳ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಏರಿತ್ತು. ಕಿಡ್ನಿಯ ಸೋಸುವ ಕೆಲಸ ತಿಳಿಸುವ ಕ್ರಿಯಾಟಿನಿನ್ ಎಂಬುದೂ ಏರಿತ್ತು. ಮೈಯ ನೀರು ಇಳಿಸಲು ಕೊಡುವ ಮಾತ್ರೆಯೇ ಯೂರಿಕ್ ಆಸಿಡನ್ನು ಏರಿಸುತ್ತದಂತೆ. ಮಾತ್ರೆ ಬಿಟ್ಟರೆ ನೀರು ತುಂಬುತ್ತದೆ. ಬಿಡದಿದ್ದರೆ ಆಸಿಡ್ ತುಂಬುತ್ತದೆ. ಡಾಕ್ಟರು ಫೋನಿನಲ್ಲಿ, ಸದ್ಯ ತಾರ್ಲೆ, ಬಂಗಡೆ, ಶೆಟ್ಲಿ ಬಿಡಿ ಎಂದರು. ಮೀನಿಲ್ಲದೆ ಮಾವ ಏನು ಉಂಡಾನು? ಹೊಳನಗದ್ದೆಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ಸುದ್ದಿ ಕೇಳಿ ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಆ ಡಾಕ್ಟ್ರು ಮೀನು ತಿನ್ನೂದಿಲ್ವಾ?"

"ಅವ್ರಿಗೆ ಯೂರಿಕ್ ಆಸಿಡ್ ಇಲ್ಲ" ಎಂದ ಮಾವ.

"ಇಲ್ದೇ ಇದ್ದವ್ರಿಗೆ ಹೇಳೂಕೆ ಸುಲಭ. ಇನ್ನೆಂತ ಉಣ್ತ್ರಿ?"

"ಗಂಜಿ."

"ಆತು, ಗಂಜಿಯಾದ್ರೂ ಬಿಟ್ರಲ್ಲ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮಾವ ಮಾತ್ರ ಆ ವರದಿಯನ್ನು ನಂಬಲಿಲ್ಲ. ಒಂದು ತಕ್ಕಡಿಯ ಮಾತು ಕೇಳಿ ತೀರ್ಪು ಕೊಡಬಾರದಂತೆ. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೋದ ಮೇಲೆ ಬರಿಹೊಟ್ಟೆಯಲ್ಲಿ ಕುಮಟೆಯಲ್ಲಿ ರಕ್ತ ಕೊಟ್ಟ. ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ಅಲ್ಲಿ ಕೊಟ್ಟ. ಮತ್ತೊಂದು ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ ಅಲ್ಲೂ ಕೊಟ್ಟ. ಸಂಜೆ ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ಗೆದ್ದವನಂತೆ ಮನೆಗೆ ಬಂದ.

"ಮೂರು ಊರಲ್ಲಿ ರಕ್ತ ಹಂಚಿ ಬಂದ್ರಿ" ಎಂದಳು ಅತ್ತೆ. "ಅಂಕೋಲೆ ಎಂತ ಪಾಪ ಮಾಡಿತ್ತು?"

ಮೂರು ವರದಿಗಳು ಬಂದವು. ಏಳರೊಳಗೆ ಇರಬೇಕಾದ ಯೂರಿಕ್ ಆಸಿಡ್ ಕುಮಟೆಯಲ್ಲಿ ಎಂಟು ಪಾಯಿಂಟ್ ನಾಲ್ಕು, ಹೊನ್ನಾವರದಲ್ಲಿ ಎಂಟು ಪಾಯಿಂಟ್ ಒಂಬತ್ತು, ಭಟ್ಕಳದಲ್ಲಿ ಎಂಟು ಪಾಯಿಂಟ್ ಒಂದು. "ನೋಡ್ದ್ಯಾ? ಒಂದಕ್ಕೊಂದು ತಾಳೆ ಇಲ್ಲ" ಎಂದು ಮಾವ ಹಿಗ್ಗಿದ. ಮೂರನ್ನೂ ಒಂದರ ಕೆಳಗೊಂದು ಬರೆದು, ಕೂಡಿ ಭಾಗಿಸಿ, ಸರಾಸರಿ ತೆಗೆಯಲು ಹೊರಟವನ ಪೆನ್ನು ಮಧ್ಯದಲ್ಲಿ ನಿಂತಿತು. ಮೂರೂ ತಕ್ಕಡಿ ಬೇರೆ ಬೇರೆ ಹೇಳುತ್ತಿದ್ದವು ನಿಜ. ಆದರೆ ಮೂರೂ ಕೆಟ್ಟದ್ದನ್ನೇ ಹೇಳುತ್ತಿದ್ದವು.

ಅದೇ ವಾರ ಮಾವನ ಚಪ್ಪಲಿ ಕಾಲಿಗೆ ಹಿಡಿಯದಾಯಿತು. ಅಂಗಡಿಯವನು ಎಂಟರ ಅಳತೆ ಎಂದು ಏಳನ್ನು ಕೊಟ್ಟಿದ್ದಾನೆಂದು ಹೇಳಿದ. ಆ ಚಪ್ಪಲಿ ಎರಡು ವರ್ಷ ಹಳೆಯದು. ನಾವು ನಕ್ಕೆವು. ಕಾಲು ಊದಿದೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ, ಹೊಳೆದೂ ಸುಮ್ಮನಿದ್ದೆವೇ? ಡೈರಿಯಲ್ಲಿ ಚಪ್ಪಲಿಯ ನಗೆ ಇದೆ. ಕಾಲು ಇಲ್ಲ.

ಮತ್ತೆ ಮೂರು ದಿನಕ್ಕೆ ತೂಕದ ಯಂತ್ರ ಅವನ ತೂಕ ನಾಲ್ಕು ಕೆ.ಜಿ. ಹೆಚ್ಚಾಗಿದೆಯೆಂದಿತು. ಮಾವನಿಗೆ ಖುಷಿಯಾಯಿತು, ಕೊನೆಗೂ ಮನೆಯೊಳಗೇ ಒಂದು ಕಳ್ಳ ಕಾಂಟಾ ಸಿಕ್ಕಿತಲ್ಲ. ಪೇಟೆಯ ಪರಿಚಯದ ಅಂಗಡಿಯಿಂದ ಮುದ್ರೆಯಿದ್ದ ತೂಕದ ಕಲ್ಲು ತರಿಸಿ ಒಂದೊಂದಾಗಿ ಅದರ ಮೇಲೆ ಇಟ್ಟ. ಐದು ಕೆ.ಜಿ.ಗೆ ಐದು, ಹತ್ತಕ್ಕೆ ಹತ್ತು, ಇಪ್ಪತ್ತಕ್ಕೆ ಇಪ್ಪತ್ತು. ಯಂತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಾವ ಕಲ್ಲುಗಳನ್ನು ಒರೆಸಿ ಚೀಲಕ್ಕೆ ಹಾಕಿದ. ಅವನು ಒಂದು ತಕ್ಕಡಿ ಸರಿಯಿದ್ದದ್ದಕ್ಕೆ ಬೇಸರಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಭಾನುವಾರ. ಮಧ್ಯಾಹ್ನ ಊಟ ಮಾಡಿ ಅಡ್ಡಾದವನು ಎದ್ದು ಕೂತ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆಂದ. ಕಿಟಕಿಯ ಸರಳು ಹಿಡಿದು ಕೂತಲ್ಲೇ ಏದುಸಿರು ಬಿಡತೊಡಗಿದ. ಮತ್ತೆ ಅದೇ ಹೆದ್ದಾರಿ, ಅದೇ ಹೊನ್ನಾವರ, ಅದೇ ಭಟ್ಕಳ. ಆಂಬುಲೆನ್ಸಿನಲ್ಲಿ ಅತ್ತೆ ಅವನ ಪಾದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಆ ಗುಳಿ ತುಂಬಿಕೊಳ್ಳಲು ಹಿಡಿದ ಹೊತ್ತು ಎಷ್ಟೆಂದು ಯಾರೂ ಅಳೆಯಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ನನ್ನ ಡೈರಿ ತೆರೆದು ನೋಡಿದರು. ಒಂದು ದಿನವೂ ಒಂದೂವರೆ ಲೀಟರು ದಾಟಿಲ್ಲ. ಪ್ರತಿ ಪುಟದಲ್ಲೂ ಹಸಿರು ಸಹಿ.

"ಇದು ಸರಿ ಇದ್ದರೆ ಇಷ್ಟು ನೀರು ತುಂಬಲಿಕ್ಕೆ ಸಾಧ್ಯ ಇಲ್ಲ. ಲೆಕ್ಕ ಬರೆದದ್ದು ಯಾರು?"

"ನಾನು" ಎಂದೆ.

"ಗಂಜಿ ಉಣ್ತಾರಾ?"

ಅತ್ತೆ ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಮಾವ ಮುಖದ ಮೇಲಿನ ಆಮ್ಲಜನಕದ ಮುಖವಾಡವನ್ನು ಕೈಯಿಂದ ಸರಿಸಿದ.

"ಕದ್ದು ಕುಡ್ದೆ ಡಾಕ್ಟ್ರೆ. ಇವಳು ಕಾಲೇಜಿಗೆ ಹೋದ ಮೇಲೆ. ಗಂಜಿ ತಿಳಿ. ದಿನಾ ಎರಡು ಬಟ್ಟಲು, ಉಪ್ಪು ಹಾಕಂಡು. ಇವಳಿಗೆ ಗೊತ್ತಿಲ್ಲ. ಇವಳ ಪುಸ್ತಕ ಸರಿ ಇದೆ."

ಇಷ್ಟು ಹೇಳುವುದರಲ್ಲಿ ಅವನ ತುಟಿ ನೀಲಿಯಾಗಿತ್ತು. ನರ್ಸು ಬಂದು ಮುಖವಾಡ ಒತ್ತಿ ಕೂರಿಸಿದಳು. ಡಾಕ್ಟರು ಅವನನ್ನು ಶಾಲೆಯ ಹುಡುಗನಿಗೆ ಬೈಯುವಂತೆ ಬೈದರು. ಊರಿನ ಅಂಗಡಿಯವರಿಗೆಲ್ಲ ದಂಡ ಹಾಕಿದವರು ನೀವು, ನೀವೇ ಹೀಗೆ ಮಾಡಿದರೆ ಹೇಗೆ, ಹೋದ ಕಿಡ್ನಿಯನ್ನು ನಾನು ಎಲ್ಲಿಂದ ತರಲಿ ಎಂದರು. ಮಾವ ಮುಖವಾಡದೊಳಗಿಂದ ತಲೆಯಾಡಿಸುತ್ತಿದ್ದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ದಿನದ ಪುಟದಲ್ಲಿ, "ಮಾವ ಕದ್ದು ಗಂಜಿ ತಿಳಿ ಕುಡಿಯುತ್ತಿದ್ದ. ಇಷ್ಟು ದಿನ ನಾನು ಬರೆದದ್ದೆಲ್ಲ ದಂಡ" ಎಂದು ಬರೆದೆ.

ಸೂಜಿಯ ಮೂಲಕ ಜೋರಾಗಿ ಔಷಧ ಕೊಟ್ಟು ನೀರಿಳಿಸಿದರು. ಮಾವ ಉಳಿದ. ಕಿಡ್ನಿ ಇನ್ನಷ್ಟು ಸೋತಿತು. ಯೂರಿಕ್ ಆಸಿಡ್ ಹತ್ತು ದಾಟಿತು. ಮನೆಗೆ ಬಂದ ಎರಡನೆಯ ದಿನ ಆ ಆಸಿಡ್ ಗಂಟಿಗೆ ಇಳಿದು ಎಡಗಾಲಿನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹೊದಿಕೆ ತಾಗಿದರೆ ನೋವು, ಫ್ಯಾನಿನ ಗಾಳಿ ತಾಗಿದರೆ ನೋವು, ಅತ್ತೆ ಕೋಣೆಯಲ್ಲಿ ನಡೆದರೆ ನೆಲ ಅದುರಿ ನೋವು. ಕಿಡ್ನಿ ಸರಿಯಿದ್ದವರಿಗೆ ಕೊಡುವ ನೋವಿನ ಮಾತ್ರೆ ಇವನಿಗೆ ಕೊಡುವಂತಿಲ್ಲ. ಊರಿನ ಡಾಕ್ಟರು ಬಂದು, ಹತ್ತರಲ್ಲಿ ನೋವು ಎಷ್ಟಿದೆ ಎಂದು ಕೇಳಿದರು.

"ಯಾವ ಇಲಾಖೆಯ ಹತ್ತು?" ಎಂದ ಮಾವ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ನೋಡಿ, ಇಷ್ಟಾದರೂ ನಾನು ಈ ಕಥೆಯನ್ನು ಹೇಳಿ ನಗಿಸುತ್ತಿದ್ದೆ. ಮೂವತ್ತನಾಲ್ಕು ವರ್ಷ ಕಳ್ಳ ತಕ್ಕಡಿ ಹಿಡಿದವನು ನಿವೃತ್ತನಾದ ಮೇಲೆ ಗಂಜಿ ಕಳ್ಳನಾದ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಮದುವೆಮನೆಯಲ್ಲಿ ಹೇಳಿದೆ. ಹೇಳಿದಂತೆಲ್ಲ ಕಥೆ ಮೈ ತುಂಬಿಕೊಂಡಿತು. ಒಂದು ದಿನ ನಾನು ಮರೆತ ಪುಸ್ತಕ ಒಯ್ಯಲು ಮನೆಗೆ ಬಂದಾಗ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೀಸೆಗೆ ಹತ್ತಿದ ಗಂಜಿ ಒರೆಸಿಕೊಳ್ಳುತ್ತಿದ್ದುದನ್ನು ಕಂಡೆ ಎಂದೂ ಸೇರಿತು. ಸುಳ್ಳು ಸೇರಿಸಿದೆನೆಂದು ನನಗೆ ಅನ್ನಿಸಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಬಾಗಿಲು, ಆ ಮೀಸೆ, ಪಂಚೆಯ ತುದಿ ಕಾಣುತ್ತವೆ. ಮೀನಿನ ಹೆಂಗಸು ಗೇಟಿನಿಂದಲೇ, "ಎಂತ ಸಾಹೇಬ್ರೆ, ಇವತ್ತು ಎಷ್ಟು ಬಟ್ಟಲು ಕದ್ರಿ?" ಎಂದು ಕೇಳುತ್ತಿದ್ದಳು. ಮಾವ ನಗುತ್ತಿದ್ದ. ಅತ್ತೆ ಮಾತ್ರ ಈ ಕಥೆಗೆ ನಗುತ್ತಿರಲಿಲ್ಲ. ನಾನು ಹೇಳಲು ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಪಾಪ, ಗಂಡನ ಮಾನದ ಪ್ರಶ್ನೆ ಎಂದುಕೊಂಡಿದ್ದೆ.

ಈಗ ಮಾವ ಇಬ್ಬರು ಡಾಕ್ಟರ ನಡುವೆ ಇದ್ದಾನೆ. ಹೃದಯದವರು ನೀರು ಕಡಿಮೆ ಮಾಡಿ ಎನ್ನುತ್ತಾರೆ. ಕಿಡ್ನಿಯವರು ಪೂರ್ತಿ ಒಣಗಿಸಬೇಡಿ ಎನ್ನುತ್ತಾರೆ. "ಒಂದೇ ಫೈಲು, ಎರಡು ಇಲಾಖೆ" ಎನ್ನುತ್ತಾನೆ ಮಾವ. "ಎರಡೂ ಕಡೆ ಸಹಿ ಆಗೂದ್ರೊಳಗೆ ಅರ್ಜಿದಾರ ಇರೂದಿಲ್ಲ." ಒಂದರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನಿನ್ ನಾಲ್ಕು ದಾಟಿದೆ. ಹೋದ ವಾರ ಕಿಡ್ನಿಯ ಡಾಕ್ಟರು ಅವನ ಎಡಗೈಯನ್ನು ಸವರಿ ನೋಡಿ, ಇಲ್ಲಿ ನಾಳ ಜೋಡಿಸಿ ಸಿದ್ಧಮಾಡಿಟ್ಟುಕೊಳ್ಳೋಣ, ಡಯಾಲಿಸಿಸ್ ಬೇಕಾಗಬಹುದು ಎಂದರು. ವಾರಕ್ಕೆ ಎರಡು ಸಲ, ಒಂದೊಂದು ಸಲ ನಾಲ್ಕು ತಾಸು.

"ಆ ಯಂತ್ರಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ ಇದ್ಯಾ?" ಎಂದು ಕೇಳಿದ ಮಾವ. ಡಾಕ್ಟರು ನಕ್ಕರು. ಹೊರಗೆ ಬಂದು ಬೆಂಚಿನ ಮೇಲೆ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡ. ಬಲಗೈಯಿಂದ ಅದನ್ನು ಹಿಡಿದುಕೊಂಡು ಕೂತ.

ಇದನ್ನೆಲ್ಲ ಬರೆದು, ಓದುವವರನ್ನು ನಗಿಸಬೇಕೆಂದು ಮೊನ್ನೆ ಕೂತೆ. ಗಂಜಿ ಕಳ್ಳತನವೇ ಬರಹದ ತುದಿಯಾಗಬೇಕಿತ್ತು. ಆದರೆ ನೆನಪಿನಿಂದ ಬರೆಯುವವಳಲ್ಲವಲ್ಲ ನಾನು, ತಾಳೆ ನೋಡಲು ಡೈರಿ ತೆಗೆದೆ. ಮೊದಲು ಅಡ್ಡಬಂದದ್ದು ಮೀಸೆ. ಬೈಪಾಸ್ ಆದ ಮೇಲೆ ಮಾವನಿಗೆ ಮೀಸೆಯೇ ಇರಲಿಲ್ಲ. ಹಾಗಿದ್ದರೆ ಬಾಗಿಲಲ್ಲಿ ನಿಂತು ಒರೆಸಿಕೊಂಡವನು ಯಾರು? ಪುಸ್ತಕ ಮರೆತು ಮನೆಗೆ ಬಂದ ದಿನವನ್ನು ಹುಡುಕಿದೆ. ಅಂಥ ದಿನವೇ ಇಲ್ಲ. ಹಿಂದೆ ಹಿಂದೆ ಹೋದೆ. ಬೈಪಾಸ್ ಮುಗಿಸಿ ಮನೆಗೆ ಬಂದ ನಾಲ್ಕನೆಯ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ.

"ಮಾವ ಗಂಜಿಯ ಬಟ್ಟಲು ಎದುರಿಟ್ಟುಕೊಂಡು, ಅನ್ನ ಬೇರೆ ತಿಳಿ ಬೇರೆ ಮಾಡಿ ಅಳೆಯಲು ಹೊರಟಿದ್ದ. ಇದನ್ನು ಎಲ್ಲಿ ಬರೆಯುವುದು ಎಂದು ಕೇಳಿದ. ಗಂಜಿ ಎಂದರೆ ಊಟ, ಊಟಕ್ಕೆ ಲೆಕ್ಕ ಬೇಡ, ತಣ್ಣಗಾಗುವ ಮೊದಲು ಉಣ್ಣು ಎಂದೆ. ನಿಜವಾಗಿ ಬೇಡವಾ ಎಂದು ಮತ್ತೆ ಕೇಳಿದ. ಬೇಡ ಎಂದೆ. ಅತ್ತೆ ನಕ್ಕಳು."

ಕೆಳಗೆ ಹಸಿರು ಸಹಿ.

ನಮ್ಮ ಕಡೆ ಹತ್ತು ಗಂಟೆಗೆ ಯಾರು ಎದುರಾದರೂ "ಗಂಜಿ ಆತಾ?" ಎಂದೇ ಕೇಳುವುದು. ನೀರು ಕುಡಿದೆಯಾ ಎಂದು ಯಾರಾದರೂ ಹಾಗೆ ಕೇಳುತ್ತಾರೆಯೇ? ಗಂಜಿಯನ್ನು ಉಣ್ಣುತ್ತೇವೆ, ಕುಡಿಯುವುದಿಲ್ಲ. ಹೀಗೆಂದು ನನ್ನ ಪರವಾಗಿ ನಾನೇ ಎಷ್ಟು ವಾದ ಮಾಡಿದರೂ ಬಟ್ಟಲಿನ ಮುಕ್ಕಾಲು ಪಾಲು ನೀರೇ. ಆ ನೀರಿನ ಮೇಲೆ ಅನುಮಾನಪಟ್ಟವನು ಮಾವ ಒಬ್ಬನೇ. ಅವನನ್ನು ಸುಮ್ಮನಾಗಿಸಿದವಳು ನಾನು. ಕಾಲೇಜಿನಲ್ಲಿ ಓದಿದವಳು ಹೇಳಿದ್ದಾಳೆಂದು ಅವನು ಜೀವಮಾನದಲ್ಲಿ ಮೊದಲ ಸಲ ಅಳೆಯದೆ ಬಿಟ್ಟ.

ಪುಟ ತಿರುಗಿಸುತ್ತ ಆಸ್ಪತ್ರೆಯ ದಿನಕ್ಕೆ ಬಂದೆ. "ಮಾವ ಕದ್ದು ಗಂಜಿ ತಿಳಿ ಕುಡಿಯುತ್ತಿದ್ದ" ಎಂದು ನಾನು ಬರೆದದ್ದರ ಕೆಳಗೆ ಇದುವರೆಗೆ ನಾನು ನೋಡದ ಒಂದು ಸಾಲು ಇತ್ತು. ಸೂಜಿ ಚುಚ್ಚಿದ ಕೈಯಿಂದ ಬರೆದದ್ದಿರಬೇಕು, ಅಕ್ಷರ ಸೊಟ್ಟಗಿದ್ದವು. ಹಸಿರು ಶಾಯಿ. "ಪರೀಕ್ಷಿಸಿದೆ. ಸರಿ ಇದೆ."

ಡೈರಿ ಹಿಡಿದು ಕೆಳಗಿಳಿದೆ. ಬೆಳಗಿನ ಹತ್ತು ಗಂಟೆ. ಮಾವ ಜಗುಲಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದ, ಎದುರಿಗೆ ಗಂಜಿ. ಈಗ ಅತ್ತೆ ತಿಳಿ ಬಸಿದೇ ಕೊಡುತ್ತಾಳೆ, ಬಟ್ಟಲಿನಲ್ಲಿ ತಳಮಟ್ಟಕ್ಕೆ ಅನ್ನ, ಪಕ್ಕದ ಅಳತೆಯ ಲೋಟದಲ್ಲಿ ಅಷ್ಟಿಷ್ಟು ತಿಳಿ. ಉಪ್ಪಿಲ್ಲ. ನಾನು ಎರಡೂ ಪುಟ ತೆರೆದು ಅವನ ತೊಡೆಯ ಮೇಲಿಟ್ಟೆ. ಮಾವ ಕನ್ನಡಕ ಹುಡುಕಲಿಲ್ಲ.

"ಗೊತ್ತಾತಾ?" ಎಂದ.

"ಎಂತಕ್ಕೆ ಹಾಗೆ ಹೇಳ್ದೆ ಮಾವ?"

ಬಾಗಿಲ ಹತ್ತಿರ ಅತ್ತೆ ಬಂದು ನಿಂತಳು. "ಇವಳಿಗೆ ಹೇಳ್ರಿ ಅಂತ ನಾ ನೂರು ಸಲ ಹೇಳ್ದೆ" ಎಂದಳು. "ನನ್ನ ಕೈಯಾರೆ ಬಡಿಸಿದ ಗಂಜಿಗೆ ಕಳ್ಳ ಅನಿಸ್ಕಂಡು ಊರೆಲ್ಲ ನಗಾಡೂದು ನಂಗೆ ನೋಡೂಕೆ ಆಗೂದಿಲ್ಲ."

ಮಾವ ಅವಳ ಕಡೆ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ. ಆಮೇಲೆ ನನ್ನನ್ನು ನೋಡದೆ, ಲೋಟದಲ್ಲಿದ್ದ ತಿಳಿಯನ್ನು ನೋಡುತ್ತ ಮಾತಾಡಿದ.

"ತಪ್ಪು ತೂಕ ಸಿಕ್ಕಿತು ಅಂದ್ರೆ ಯಾರ ಅಂಗಡಿ ಅಂತ ಬರೀಲೇಬೇಕು ತಂಗೀ. ಖಾಲಿ ಬಿಡೂಕೆ ಬರೂದಿಲ್ಲ. ಆ ಡಾಕ್ಟ್ರು ಪೆನ್ನು ಹಿಡ್ಕಂಡು ನಿನ್ನ ಮುಖ ನೋಡ್ತಿದ್ರು. ನನ್ನ ಅಂಗಡಿ ಹೇಗೂ ಬಾಗಿಲು ಹಾಕೂ ಹೊತ್ತಿಗೆ ಬಂದಿದೆ. ನಿಂದು ಇನ್ನೂ ಸುಮಾರು ವರ್ಷ ನಡೀಬೇಕು."

ನನ್ನ ಪೆನ್ನು ತೆಗೆದುಕೊಂಡು ಆಸ್ಪತ್ರೆಯ ಪುಟದ ಆ ಸಾಲನ್ನು ಹೊಡೆದುಹಾಕಲು ಹೋದೆ. ಮಾವ ನನ್ನ ಮಣಿಕಟ್ಟನ್ನು ಹಿಡಿದ. ಎಡಗೈಯಿಂದ, ಡಾಕ್ಟರು ಸವರಿ ನೋಡಿದ್ದ ಆ ಕೈಯಿಂದ.

"ಸಹಿ ಆದದ್ದನ್ನು ತಿದ್ದೂಕೆ ಇಲ್ಲ" ಎಂದ.

ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಗೆರೆ ನೋಡಿದ. ಎರಡು ಗುಟುಕಿನಲ್ಲಿ ಕುಡಿದ. ಲೋಟವನ್ನು ಬೋರಲು ಹಾಕಿ ಒಂದು ಹನಿಯೂ ಉಳಿದಿಲ್ಲವೆಂದು ನನಗೆ ತೋರಿಸಿದ.

"ನೂರಾ ಇಪ್ಪತ್ತು. ಬರ್ಕೊ."

ಬರೆದೆ. ಕಣ್ಣು ಮಂಜಾಗಿ ಅಂಕೆ ಗೆರೆ ಬಿಟ್ಟು ಕೆಳಗೆ ಇಳಿಯಿತು. ಮಾವ ಡೈರಿಯನ್ನು ತನ್ನ ಕಡೆ ಎಳೆದುಕೊಂಡು, ಹಸಿರು ಪೆನ್ನಿನ ಮುಚ್ಚಳ ತೆಗೆದು, ಸಹಿ ಹಾಕುವ ಮೊದಲು ಕೇಳಿದ.

"ನಿನ್ನ ಗಂಜಿ ಆತಾ?"